ಕೇಪಿನ ಕೋವಿ, ಚಕಮಕಿ ಕೋವಿ: ಟ್ರಿಗರ್ ತೊಂದರೆ ಕೊಟ್ಟರೆ ಎಲ್ಲಿಂದ ನೋಡಬೇಕು

ಬಾಯಿಂದ ಮದ್ದು ತುಂಬುವ ಕೋವಿಯ ಟ್ರಿಗರ್ ಬಿಗಿಯಾಗಿದೆ ಅನಿಸಿದ ತಕ್ಷಣ ಸಾಣೆಕಲ್ಲು ಹುಡುಕಲು ಹೋಗಬೇಡಿ. ನಾನು ಬಿಚ್ಚಿ ನೋಡಿದ ಕೋವಿಗಳಲ್ಲಿ ತೊಂದರೆ ಇದ್ದದ್ದು ಜಾಸ್ತಿ ಮರದಲ್ಲಿ, ಉಕ್ಕಿನಲ್ಲಿ ಅಲ್ಲ. ಮರ ಉಬ್ಬಿರುತ್ತದೆ, ಇಲ್ಲವೇ ಒಣಗಿ ಕುಗ್ಗಿರುತ್ತದೆ, ಇಲ್ಲವೇ ಯಾರೋ ಸ್ಕ್ರೂಗಳನ್ನು ಜೀವ ಹೋಗುವಷ್ಟು ಬಿಗಿದಿರುತ್ತಾರೆ. ಅದನ್ನು ನೋಡದೆ ಉಕ್ಕಿಗೆ ಕೈ ಹಾಕಿದರೆ ಚೆನ್ನಾಗಿದ್ದ ಲಾಕ್ (ಹ್ಯಾಮರನ್ನು ಹಿಡಿದು ಬೀಳಿಸುವ ಉಕ್ಕಿನ ಜೋಡಣೆ) ಕೆಡುತ್ತದೆ, ಕೋವಿ ಅಪಾಯದ ವಸ್ತುವಾಗುತ್ತದೆ. ನಾನೇ ಒಂದು ಸಲ ಹಾಗೆ ಮಾಡಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ನಾನು ಇರುವುದು ಪೆನ್ಸಿಲ್ವೇನಿಯಾದಲ್ಲಿ. 18ನೇ ಶತಮಾನದಲ್ಲಿ ಜರ್ಮನಿ ಕಡೆಯಿಂದ ಬಂದ ಕಸುಬುದಾರರು ಲ್ಯಾಂಕಾಸ್ಟರ್ ಸುತ್ತಮುತ್ತ ಉದ್ದ ನಳಿಗೆಯ ರೈಫಲ್ ಮಾಡುತ್ತಿದ್ದ ಸೀಮೆ ಇದು. ಕ್ರಿಸ್ಮಸ್ ಕಳೆದ ಮೇಲೆ ಇಲ್ಲಿ ಚಕಮಕಿ ಕಲ್ಲಿನ ಕೋವಿಗೆ ಅಂತಲೇ ಬೇರೆ ಜಿಂಕೆ ಬೇಟೆ ಸೀಸನ್ ಇದೆ. ಅದು 1974ರಲ್ಲಿ ಶುರುವಾದದ್ದು. ನನ್ನ ಹತ್ತಿರ ಎರಡು ಕೋವಿ ಇವೆ. ಒಂದು ಒಂಟಿ ಟ್ರಿಗರ್ ಇರುವ ಚಕಮಕಿ ರೈಫಲ್. ಇನ್ನೊಂದು, ಸೇಂಟ್ ಲೂಯಿಸ್‌ನ ಹಾಕನ್ ಅಣ್ಣತಮ್ಮಂದಿರ ರೈಫಲ್ ನೋಡಿ ಈಗಿನವರು ಮಾಡುವ ಜೋಡಿ ಟ್ರಿಗರಿನ ಕೇಪಿನ ಕೋವಿ. ಚಿಕ್ಕವನಿದ್ದಾಗ ಮಲೆನಾಡಿನ ನಮ್ಮ ಮನೆಯಲ್ಲಿ ಹಂದಿ ಕಾಯಲು ಅಜ್ಜನ ಲೈಸನ್ಸಿನ ಕೇಪಿನ ಕೋವಿ ಇತ್ತು. ಮದ್ದಿನ ವಾಸನೆ ಆಗಿನಿಂದಲೇ ಮೂಗಿನಲ್ಲಿ ಕೂತಿದೆ.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೋವಿ ರಿಪೇರಿ ಮಾಡುವವರಿಗೂ ಲೈಸನ್ಸ್ ಬೇಕು. ಹಾಗಾಗಿ ಇದನ್ನು ಓದಿ ತೊಂದರೆ ಎಲ್ಲಿದೆ ಅಂತ ಅಂದಾಜು ಮಾಡಿಕೊಳ್ಳಿ, ಕೆಲಸವನ್ನು ಲೈಸನ್ಸ್ ಇರುವ ರಿಪೇರಿಯವರಿಗೆ ಕೊಡಿ. ಏನಾಗುತ್ತಿದೆ ಅಂತ ಸರಿಯಾಗಿ ಹೇಳಲು ಬಂದರೆ ಅವರ ಅರ್ಧ ಕೆಲಸ ಮುಗಿದ ಹಾಗೆ. ಬೇರೆ ದೇಶದಲ್ಲಿ ಇರುವವರು ಅಲ್ಲಿನ ಕಾನೂನು ನೋಡಿಕೊಳ್ಳಿ.

ಶುರು ಮಾಡುವ ಮೊದಲು: ಈಡು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ತೋಟಾ ಕೋವಿಯ ಹಾಗೆ ಇದನ್ನು ಮಡಚಿ ಒಳಗೆ ಇಣುಕಿ ನೋಡಲು ಆಗುವುದಿಲ್ಲ. ಹತ್ತು ವರ್ಷ ಗೋಡೆಗೆ ನೇತು ಹಾಕಿದ್ದ ಕೋವಿಯಲ್ಲೂ ಈಡು ಇರಬಹುದು, ಆ ಮದ್ದು ಹತ್ತಿಕೊಳ್ಳಲೂಬಹುದು.

ಮೊದಲು ಕೇಪು, ಅಂದರೆ ಏಟು ಬಿದ್ದರೆ ಕಿಡಿ ಕೊಡುವ ಪುಟ್ಟ ತಾಮ್ರದ ಟೋಪಿ, ತೆಗೆಯಿರಿ. ಚಕಮಕಿ ಕೋವಿಯಾದರೆ ಕಿಡಿ ಬೀಳುವ ಬಟ್ಟಲಿನ ಮದ್ದು ಚೆಲ್ಲಿ, ಕಲ್ಲನ್ನು ಬಿಚ್ಚಿ ಪಕ್ಕಕ್ಕೆ ಇಡಿ. ಆಮೇಲೆ ಗಜವನ್ನು (ಈಡು ಜಡಿಯುವ ಉದ್ದ ಕೋಲು) ನಳಿಗೆಯೊಳಗೆ ತಳ ಮುಟ್ಟುವವರೆಗೆ ಬಿಡಿ. ಬಾಯಿಯ ಮಟ್ಟಕ್ಕೆ ಗಜ ಹಿಡಿದು ಹೊರಗೆ ತೆಗೆಯಿರಿ. ಅದನ್ನು ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿದರೆ ತುದಿ ಹೆಚ್ಚುಕಡಿಮೆ ನಿಪ್ಪಲ್ (ಕೇಪು ಕೂರುವ ತೂತಿನ ಮೊಳೆ) ಇರುವ ಜಾಗಕ್ಕೆ, ಅಥವಾ ಕಿಡಿ ಹೋಗುವ ತೂತಿನ ಜಾಗಕ್ಕೆ ಬರಬೇಕು. ಎರಡು ಮೂರು ಸೆಂಟಿಮೀಟರ್ ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಅದನ್ನು ತೆಗೆಯುವವರೆಗೆ ಟ್ರಿಗರ್ ವಿಷಯ ಬಿಟ್ಟುಬಿಡಿ. ತೆಗೆಯಲು ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕರೆಯಿರಿ.

ಖಾಲಿ ಇದೆ ಅಂತ ಗೊತ್ತಾದ ಮೇಲೆ ಗಜಕ್ಕೆ ಬಾಯಿಯ ಮಟ್ಟದಲ್ಲಿ ಒಂದು ಗುರುತು ಮಾಡಿಕೊಳ್ಳಿ. ಮುಂದಿನ ಸಲ ಒಂದೇ ನೋಟಕ್ಕೆ ತಿಳಿಯುತ್ತದೆ.

ಕುದುರೆಯನ್ನು, ಅಂದರೆ ಹ್ಯಾಮರನ್ನು, ಸುಮ್ನೆ ಬರಿದೇ ಬೀಳಿಸಬೇಡಿ. ಕೇಪಿನ ಕೋವಿಯಲ್ಲಿ ನಿಪ್ಪಲ್ ಮೇಲೆ ದಪ್ಪ ಚರ್ಮದ ತುಂಡು ಇಡಿ, ಇಲ್ಲದಿದ್ದರೆ ನಿಪ್ಪಲಿನ ಬಾಯಿ ಚಪ್ಪಟೆಯಾಗುತ್ತದೆ. ಚಕಮಕಿ ಕೋವಿಯಲ್ಲಿ ಕಲ್ಲಿನ ಬದಲು ಅದೇ ಅಳತೆಯ ಮರದ ತುಂಡು ಕಚ್ಚಿಸಿ.

ಒಳಗೆ ಏನೇನಿದೆ

ನಾಲ್ಕು ಹೆಸರು ಗೊತ್ತಿದ್ದರೆ ಸಾಕು. ಕುದುರೆ ಅಂದರೆ ಹೊರಗೆ ಕಾಣುವ, ಹೆಬ್ಬೆರಳಿನಿಂದ ಹಿಂದಕ್ಕೆ ಎತ್ತುವ ಹ್ಯಾಮರ್. ಅದರ ಅಚ್ಚಿಗೆ ಸೇರಿಕೊಂಡು ಲಾಕ್ ಒಳಗೆ ತಿರುಗುವ ಗುಂಡನೆ ತುಂಡು ಟಂಬ್ಲರ್. ಟಂಬ್ಲರಿಗೆ ಎರಡು ಕಚ್ಚು ಇರುತ್ತವೆ. ಆಳವಾದದ್ದು ಅರ್ಧ ಎತ್ತಿದಾಗ ಕುದುರೆಯನ್ನು ಹಿಡಿಯುವ ಅರೆಕಚ್ಚು. ಇನ್ನೊಂದು ಪೂರ್ತಿ ಎತ್ತಿದಾಗ ಹಿಡಿಯುವ ಪೂರಾಕಚ್ಚು. ಈ ಕಚ್ಚಿಗೆ ಮೂಗು ಚುಚ್ಚಿ ನಿಲ್ಲುವ ತುಂಡಿನ ಹೆಸರು ಸಿಯರ್. ಸಿಯರಿನ ಇನ್ನೊಂದು ತುದಿ ಅಡ್ಡಕ್ಕೆ, ಮರದೊಳಗೆ ಚಾಚಿಕೊಂಡಿರುತ್ತದೆ. ಅದನ್ನು ಸಿಯರ್ ತೋಳು ಅನ್ನೋಣ. ಟ್ರಿಗರ್ ಎಳೆದಾಗ ಅದರ ಮೇಲಿನ ಅಲಗು ಈ ತೋಳನ್ನು ಮೇಲಕ್ಕೆ ಎತ್ತುತ್ತದೆ. ಮೂಗು ಕಚ್ಚಿನಿಂದ ಜಾರುತ್ತದೆ, ಕುದುರೆ ಬೀಳುತ್ತದೆ.

ಗಮನಿಸಿ, ಟ್ರಿಗರ್ ಇರುವುದು ಮರದಲ್ಲಿ. ಸಿಯರ್ ಇರುವುದು ಲಾಕಿನಲ್ಲಿ. ಎರಡರ ನಡುವಿನ ಅಂತರ ತೀರ್ಮಾನ ಆಗುವುದು ಮರದಿಂದ. ಅದಕ್ಕೇ ಮರದ ಮೇಲೆ ಮೊದಲ ಅನುಮಾನ.

ಟ್ರಿಗರ್ ತುಂಬಾ ಬಿಗಿ

"ಬಿಗಿ" ಅನ್ನುವುದು ಬೆರಳಿನ ಮಾತು, ಮೊದಲು ತೂಗಿ ನೋಡಿ. ಟ್ರಿಗರ್ ತೂಗುವ ಗೇಜ್ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ನಮ್ಮವರ ಎಲ್ಲರ ಮನೆಯಲ್ಲೂ ಇರುತ್ತದೆ ಅಲ್ವಾ, ಶುರುವಿಗೆ ಅದೂ ಸಾಕು. ಕೊಕ್ಕೆಯನ್ನು ಬೆರಳು ಕೂರುವ ಜಾಗಕ್ಕೆ ಹಾಕಿ, ನಳಿಗೆಗೆ ನೇರವಾಗಿ ಹಿಂದಕ್ಕೆ, ನಿಧಾನವಾಗಿ ಎಳೆಯಿರಿ. ಐದು ಸಲ ಅಳೆದು ಬರೆದುಕೊಳ್ಳಿ. ಬೇಟೆ ಕೋವಿಯ ಒಂಟಿ ಟ್ರಿಗರಿಗೆ 1.4ರಿಂದ 2.3 ಕಿಲೋ, ಅಂದರೆ ಮೂರರಿಂದ ಐದು ಪೌಂಡ್, ಒಳ್ಳೆಯ ತೂಕ. ಅದಕ್ಕಿಂತ ಹಗುರ ಮಾಡುವ ಆಸೆ ಬೇಡ. ಚಳಿಗೆ ಮರಗಟ್ಟಿದ ಬೆರಳಿಗೆ, ಗ್ಲೌಸ್ ಹಾಕಿದ ಬೆರಳಿಗೆ ಒಂದು ಕಿಲೋದ ಟ್ರಿಗರ್ ತಾಕಿದ್ದೇ ಗೊತ್ತಾಗುವುದಿಲ್ಲ.

ಐದು ಅಳತೆಯೂ ಹತ್ತಿರ ಹತ್ತಿರ ಬಂದು, ಎಲ್ಲವೂ ಜಾಸ್ತಿ ಇದ್ದರೆ ಜೋಡಣೆಯ ಲೆಕ್ಕ ತಪ್ಪಿರಬಹುದು. ಒಂದು ಸಲ 2, ಒಂದು ಸಲ 4 ಬಂದರೆ ಎಲ್ಲೋ ಉಜ್ಜುತ್ತಿದೆ, ಇಲ್ಲವೇ ಕೊಳೆ ಕೂತಿದೆ.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಲಾಕನ್ನು ಹಿಡಿದಿರುವ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ತೂಗಿ. ತೂಕ ಇಳಿಯಿತಾ? ಹಾಗಾದರೆ ಸ್ಕ್ರೂ ಅತಿಯಾಗಿ ಬಿಗಿದಿತ್ತು. ಲಾಕ್ ಪಟ್ಟಿ ಮರಕ್ಕೆ ಒತ್ತಿ ಒಳಗಿನ ತುಂಡುಗಳು ಮರಕ್ಕೆ ತಾಕುತ್ತಿದ್ದವು. ಲಾಕ್ ಅಲುಗಾಡದಷ್ಟು ಬಿಗಿದರೆ ಸಾಕು, ಇದು ಕಾರಿನ ಚಕ್ರದ ನಟ್ ಅಲ್ಲ.

ಎರಡನೆಯದು ನನ್ನ ಪ್ರಕಾರ ಈ ಇಡೀ ಕೆಲಸದಲ್ಲೇ ಮುಖ್ಯವಾದ ಪರೀಕ್ಷೆ. ಕುದುರೆಯನ್ನು ಅರೆಕಚ್ಚಿಗೆ ನಿಲ್ಲಿಸಿ, ಸ್ಕ್ರೂ ಬಿಚ್ಚಿ, ಲಾಕನ್ನು ಪೂರ್ತಿ ಹೊರಗೆ ತೆಗೆಯಿರಿ. ಮರಕ್ಕೆ ಹಿಡಿದುಕೊಂಡಿದ್ದರೆ ಮೀಟಬೇಡಿ, ಸ್ಕ್ರೂ ತಲೆಯನ್ನು ಸ್ವಲ್ಪ ಹೊರಗೆ ಬಿಟ್ಟು ಅದರ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆತ್ತಗೆ ತಟ್ಟಿ. ಹೊರಗೆ ಬಂದ ಲಾಕನ್ನು ಕೈಯಲ್ಲಿ ಹಿಡಿದು ಕುದುರೆಯನ್ನು ಪೂರ್ತಿ ಎತ್ತಿ. ಒಂದು ಕೈಯ ಹೆಬ್ಬೆರಳಿನಿಂದ ಕುದುರೆಯನ್ನು ಭದ್ರವಾಗಿ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳಿನಿಂದ ಸಿಯರ್ ತೋಳನ್ನು ಒತ್ತಿ, ಕುದುರೆಯನ್ನು ನಿಧಾನಕ್ಕೆ ಇಳಿಸಿ. ಮರದಲ್ಲಿದ್ದಾಗ ಕಲ್ಲಿನ ಹಾಗಿದ್ದದ್ದು ಹೊರಗೆ ಸಲೀಸಾಗಿ ಜಾರಿದರೆ ಲಾಕಿನ ತಪ್ಪಿಲ್ಲ. ಹೊರಗೂ ಅಷ್ಟೇ ಬಿಗಿ ಇದ್ದರೆ ಮಾತ್ರ ಲಾಕಿನ ಒಳಗೆ ನೋಡಬೇಕು.

ಮರದ ತಪ್ಪು ಅಂತ ಆದರೆ ಎಲ್ಲಿ ಅಂತ ಹುಡುಕುವುದು ಸುಲಭ. ಮೇಣದ ಬತ್ತಿ ಹಚ್ಚಿ ಅದರ ಹೊಗೆಯ ಮಸಿಯನ್ನು ಸಿಯರ್ ತೋಳಿನ ತುದಿಗೆ, ಬದಿಗೆ ತೆಳ್ಳಗೆ ಹಿಡಿಸಿ. ಲಾಕ್ ಕೂರಿಸಿ, ಸ್ಕ್ರೂ ಬಿಗಿದು, ನಾಲ್ಕೈದು ಸಲ ಎತ್ತಿ ಇಳಿಸಿ, ಮತ್ತೆ ಹೊರಗೆ ತೆಗೆಯಿರಿ. ನನ್ನ ಚಕಮಕಿ ಕೋವಿಯಲ್ಲಿ ಮಾಡಿದಾಗ ಮೇಪಲ್ ಮರದ ಗೂಡಿನ ತಳದಲ್ಲಿ, ಅಕ್ಕಿಕಾಳಿನಷ್ಟು ಅಗಲಕ್ಕೆ, ಕಪ್ಪು ಗೆರೆ ಬಿದ್ದಿತ್ತು. ಸಿಯರ್ ತೋಳಿನ ತುದಿಯಲ್ಲಿ ಅಷ್ಟೇ ಜಾಗದ ಮಸಿ ಅಳಿಸಿ ಉಕ್ಕು ಹೊಳೆಯುತ್ತಿತ್ತು. ತೋಳು ಒಂದು ಕೂದಲೆಳೆ ಉದ್ದ ಜಾಸ್ತಿ ಇದ್ದು ಎದುರಿನ ಮರಕ್ಕೆ ಉಜ್ಜುತ್ತಿತ್ತು ಅಷ್ಟೇ. ಚೂಪಾದ ಸಣ್ಣ ಉಳಿಯಿಂದ ಆ ಕಪ್ಪು ಗೆರೆಯನ್ನು ಮಾತ್ರ ಕೆರೆದೆ. ಮತ್ತೆ ಮಸಿ, ಮತ್ತೆ ಕೂರಿಸಿ ನೋಡಿದೆ, ಮತ್ತೆ ಕೆರೆದೆ. ಮೂರು ಸಲಕ್ಕೆ ಗುರುತು ಬೀಳುವುದು ನಿಂತಿತು. ತೂಕ 4 ಕಿಲೋ ಹತ್ತಿರ ಇದ್ದದ್ದು 2.2ಕ್ಕೆ ಬಂತು. ಉಕ್ಕನ್ನು ಮುಟ್ಟಲೇ ಇಲ್ಲ.

ಕಪ್ಪು ಬಿದ್ದಲ್ಲಿ ಮಾತ್ರ ಕೆರೆಯಬೇಕು, ಅದೂ ಕಾಗದದ ದಪ್ಪಕ್ಕಿಂತ ಕಡಿಮೆ. ಕೆರೆದ ಹಸಿ ಮರಕ್ಕೆ ಎಣ್ಣೆಯ ಪಾಲಿಶ್ ಅಥವಾ ವಾರ್ನಿಷ್ ಒಂದು ಕೈ ಹಚ್ಚಿ. ಇಲ್ಲದಿದ್ದರೆ ಮಳೆಗಾಲಕ್ಕೆ ಆ ಜಾಗ ನೀರು ಕುಡಿದು ಮತ್ತೆ ಉಬ್ಬುತ್ತದೆ. ಟ್ರಿಗರ್ ಓಡಾಡುವ ಸೀಳಿನ ಎರಡು ಬದಿಯನ್ನೂ ಹೀಗೇ ನೋಡಿ.

ಇನ್ನು ಕೊಳೆ, ಎಣ್ಣೆ. ಅಜ್ಜ ಕೋವಿಗೆ ಕೊಬ್ಬರಿ ಎಣ್ಣೆ ಹಾಕುತ್ತಿದ್ದರು. ನಾನೂ ಅದೇ ಅಭ್ಯಾಸದಲ್ಲಿ ಇಲ್ಲಿ ಹಾಕಿದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ. ಇಲ್ಲಿ ಅಕ್ಟೋಬರ್ ಬೆಳಿಗ್ಗೆ 5 ಡಿಗ್ರಿ ಇರುತ್ತದೆ. ಲಾಕ್ ಬಿಚ್ಚಿ ನೋಡಿದರೆ ಟಂಬ್ಲರಿನ ಸುತ್ತ ಬಿಳಿ ತುಪ್ಪದ ಹಾಗೆ ಗಟ್ಟಿಯಾಗಿ ಕೂತಿತ್ತು, ಕುದುರೆ ಎಮ್ಮೆಯ ಹಾಗೆ ನಿಧಾನ ಬೀಳುತ್ತಿತ್ತು. ಯಾವ ಅಡುಗೆ ಎಣ್ಣೆಯೂ ಬೇಡ. ಲಾಕನ್ನು ಬಿಸಿ ಸೋಪು ನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ, ತಿರುಗುವ ಜಾಗಗಳಿಗೆ ತೆಳುವಾದ ಮೆಷಿನ್ ಎಣ್ಣೆ ಒಂದೊಂದು ಹನಿ ಬಿಡಿ. ಸಾಕು.

ಇಷ್ಟೆಲ್ಲ ಆದಮೇಲೂ, ಲಾಕ್ ಹೊರಗೆ ಹಗುರ ಇದ್ದು ಒಳಗೆ ಬಿಗಿ ಅನಿಸಿದರೆ, ಎಲ್ಲೂ ಉಜ್ಜುವ ಗುರುತು ಇಲ್ಲದಿದ್ದರೆ, ಟ್ರಿಗರಿನ ಪಿನ್ ಕೂತ ಜಾಗ ಸರಿ ಇಲ್ಲ ಅಂತ ಅರ್ಥ. ಹಾರೆ ಹಾಕಿ ಕಲ್ಲು ಎಬ್ಬಿಸುವ ಲೆಕ್ಕವೇ ಇದು. ಆಸರೆ ಕಲ್ಲಿಗೆ ಹತ್ತಿರ ಇದ್ದಷ್ಟೂ ಕೈಗೆ ಹಗುರ. ಟ್ರಿಗರಿನ ಪಿನ್ನಿಗೂ ಸಿಯರ್ ತೋಳು ತಾಕುವ ಜಾಗಕ್ಕೂ ಇರುವ ದೂರವನ್ನು ಅರ್ಧ ಮಾಡಿದರೆ ಬೇಕಾದ ಬಲವೂ ಸುಮಾರು ಅರ್ಧ ಆಗುತ್ತದೆ. ಆದರೆ ಬೆರಳು ಎಳೆಯಬೇಕಾದ ದೂರ ಎರಡರಷ್ಟಾಗುತ್ತದೆ. ಮರದಲ್ಲಿ ಹೊಸ ತೂತು ಕೊರೆಯುವ ಕೆಲಸ ಇದು. ಮರಗೆಲಸದ ಕೈ ಪಳಗಿಲ್ಲದಿದ್ದರೆ ಕೋವಿ ಕಟ್ಟುವವರಿಗೇ ಕೊಡಿ.

ಎಳೆದರೆ ಜಗ್ಗುತ್ತಾ, ತಡೆತಡೆದು ಬರುತ್ತದೆ

ತೂಕ ಸರಿ ಇದೆ, ಆದರೆ ಕುದುರೆ ಬೀಳುವ ಮೊದಲು ಟ್ರಿಗರ್ ಮರಳಿನ ಮೇಲೆ ಎಳೆದ ಹಾಗೆ ಕರಕರ ಅನ್ನುತ್ತದೆ. ಸಿಯರ್ ಮೂಗು ಕಚ್ಚಿನಲ್ಲಿ ಒರಟಾಗಿ ಜಾರುತ್ತಿದೆ, ಇಲ್ಲವೇ ಕಚ್ಚು ಬೇಕಾದದ್ದಕ್ಕಿಂತ ಆಳ ಇದೆ. ತೊಳೆದು ಎಣ್ಣೆ ಬಿಟ್ಟ ಮೇಲೂ ಹಾಗೇ ಇದ್ದರೆ ಭೂತಗನ್ನಡಿಯಲ್ಲಿ ಮೂಗನ್ನು ನೋಡಿ. ಅಂಚು ನೇರವಾಗಿ, ಚೂರೂ ಮುರಿಯದೆ ಇರಬೇಕು.

ಕೆಲವು ಕಾರ್ಖಾನೆ ಲಾಕ್‌ಗಳಲ್ಲಿ ಟಂಬ್ಲರಿನಲ್ಲೇ ಸಾಸಿವೆಯಷ್ಟು ಸಣ್ಣ ಸ್ಕ್ರೂ ಇರುತ್ತದೆ. ಮೂಗು ಕಚ್ಚಿನೊಳಗೆ ಎಷ್ಟು ಇಳಿಯಬೇಕು ಅಂತ ಅದು ತಡೆದು ನಿಲ್ಲಿಸುತ್ತದೆ. ನಿಮ್ಮದರಲ್ಲಿ ಇದ್ದರೆ ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲಕ್ಕೆ ತಿರುಗಿಸಬೇಡಿ. ಪ್ರತಿ ಸಲವೂ ಕೊನೆಯಲ್ಲಿ ಹೇಳಿರುವ ಪರೀಕ್ಷೆಗಳನ್ನು ಮಾಡಿ.

ಸಾಣೆ ಹಿಡಿಯುವ ಮಾತಿಗೆ ಈಗ ಬರೋಣ. ಟಂಬ್ಲರ್, ಸಿಯರ್ ಎರಡನ್ನೂ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಎಷ್ಟೋ ಲಾಕ್‌ಗಳಲ್ಲಿ ಆ ಗಟ್ಟಿತನ ಹಲಸಿನ ಸಿಪ್ಪೆಯ ಹಾಗೆ ಮೇಲೆ ಮಾತ್ರ, ಒಳಗೆ ಮೆತ್ತನೆಯ ಕಬ್ಬಿಣ. ನನ್ನ ಕೇಪಿನ ಕೋವಿ ಹೊಸದಿದ್ದಾಗ ಪೂರಾಕಚ್ಚಿಗೆ ಒಂದು ಸಂಜೆ ಪೂರ್ತಿ ಸಾಣೆ ಹಿಡಿದೆ. ಟ್ರಿಗರ್ ಬೆಣ್ಣೆಯ ಹಾಗೆ ಬಂತು. ಗಟ್ಟಿ ಪದರ ಸವೆದು ಹೋದದ್ದು ಗೊತ್ತಾಗಲಿಲ್ಲ. ಎರಡು ತಿಂಗಳಲ್ಲಿ ಮೆತ್ತನೆ ಕಚ್ಚಿನ ಅಂಚು ದುಂಡಗಾಯಿತು. ಒಂದು ಭಾನುವಾರ ಗುರಿ ಮೈದಾನದಲ್ಲಿ ಈಡು ತುಂಬಿ, ಕೇಪು ಇಟ್ಟು, ಕುದುರೆ ಎತ್ತಿ ಹೆಬ್ಬೆರಳು ತೆಗೆದೆ. ಟ್ರಿಗರಿಗೆ ಬೆರಳು ಇಟ್ಟಿರಲೇ ಇಲ್ಲ, ಕೋವಿ ಹಾರಿತು. ಬಾಯಿ ಗುರಿಯ ಕಡೆಗೇ ಇದ್ದದ್ದರಿಂದ ಗುಂಡು ಮುಂದಿನ ಮಣ್ಣಿಗೆ ಹೋಯಿತು. ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗ ಅಪ್ಪನ ಜೊತೆ ಕೂತಿದ್ದ. ಅವನ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಸ ಟಂಬ್ಲರ್, ಹೊಸ ಸಿಯರ್ ಹಾಕಿಸಿದೆ.

ಆದ್ದರಿಂದ ಕಚ್ಚಿನ ಕೋನ ಬದಲಾಯಿಸುವುದು, ಆಳ ಕಡಿಮೆ ಮಾಡುವುದು, ಮೂಗನ್ನು ಅರದಿಂದ ತಿಕ್ಕುವುದು, ಇವೆಲ್ಲ ಕಸುಬುದಾರರ ಕೆಲಸ. ಅವರು ಬೇಕಾದರೆ ಮತ್ತೆ ಕಾಯಿಸಿ ಗಟ್ಟಿ ಮಾಡಬಲ್ಲರು, ನಮ್ಮ ಮನೆಯಲ್ಲಿ ಅದು ಆಗುವುದಿಲ್ಲ. ಟ್ರಿಗರ್ ಹಗುರ ಆಗಲಿ ಅಂತ ಕುದುರೆಯನ್ನು ಬೀಳಿಸುವ ದೊಡ್ಡ ಸ್ಪ್ರಿಂಗನ್ನು ತೆಳ್ಳಗೆ ಮಾಡುವವರೂ ಇದ್ದಾರೆ. ಅದನ್ನಂತೂ ಮಾಡಲೇಬೇಡಿ. ಚಕಮಕಿ ಕೋವಿಯಲ್ಲಿ ಕಿಡಿ ಸಾಯುತ್ತದೆ. ಕೇಪಿನ ಕೋವಿಯಲ್ಲಿ ನಿಪ್ಪಲಿನಿಂದ ಹಿಂದಕ್ಕೆ ನುಗ್ಗುವ ಬಿಸಿಗಾಳಿ ಕುದುರೆಯನ್ನು ಎತ್ತಿ ಎಸೆಯುತ್ತದೆ, ಕೇಪಿನ ಚೂರು ಮುಖಕ್ಕೆ ಹಾರುತ್ತದೆ.

ಟ್ರಿಗರ್ ಲೊಡಲೊಡ ಅನ್ನುತ್ತದೆ

ಇದು ಅಪಾಯದ ಗುರುತಲ್ಲ. ಹಳೇ ಕಾಲದ ಒಂಟಿ ಟ್ರಿಗರ್‌ಗಳು ಹೀಗೇ ಸಡಿಲ ಇರುತ್ತಿದ್ದವು. ಟ್ರಿಗರ್ ಅಲಗಿಗೂ ಸಿಯರ್ ತೋಳಿಗೂ ನಡುವೆ ಸಂದು ಇದೆ ಅಂತ ಇದರ ಅರ್ಥ, ಆ ಸಂದು ಸ್ವಲ್ಪ ಇರಲೇಬೇಕು. ಬೇಟೆಯಲ್ಲಿ ಟಕಟಕ ಶಬ್ದ ಕಿರಿಕಿರಿ ಅನಿಸಿದರೆ ಟ್ರಿಗರನ್ನು ಮುಂದಕ್ಕೆ ಒತ್ತಿ ಹಿಡಿಯುವ ತೆಳ್ಳನೆಯ ತಂತಿ ಸ್ಪ್ರಿಂಗ್ ಹಾಕಿಸಬಹುದು. ಸಂದು ಮುಚ್ಚಲಿ ಅಂತ ಟ್ರಿಗರ್ ಪಟ್ಟಿಯನ್ನು (ಮರದ ಕೆಳಬದಿಯಲ್ಲಿ ಟ್ರಿಗರ್ ಹೊರಬರುವ ಲೋಹದ ಪಟ್ಟಿ) ಮರದೊಳಗೆ ಇನ್ನೂ ಆಳಕ್ಕೆ ಇಳಿಸುವವರು ಕೆಳಗಿನ ಭಾಗವನ್ನು ಮೊದಲು ಓದಿ.

ಕುದುರೆ ಎತ್ತಿದರೆ ನಿಲ್ಲುವುದೇ ಇಲ್ಲ

ಇಲ್ಲಿ ಕೋವಿ ಹಾರಿಸುವುದನ್ನು ಪೂರ್ತಿ ನಿಲ್ಲಿಸಿ. ಕಾರಣ ಗೊತ್ತಾಗಿ ಸರಿಯಾಗುವವರೆಗೆ ಮದ್ದಿನ ಡಬ್ಬಿ ತೆಗೆಯಲೇಬೇಡಿ.

ಜೋಡಿ ಟ್ರಿಗರ್ ಇದ್ದರೆ ಗಾಬರಿಯಾಗುವ ಮೊದಲು ಹಿಂದಿನ ಟ್ರಿಗರನ್ನು ಕ್ಲಿಕ್ ಅನ್ನುವವರೆಗೆ ಎಳೆದು (ಇದಕ್ಕೇ ಸೆಟ್ ಮಾಡುವುದು ಅನ್ನುತ್ತಾರೆ, ಆಮೇಲೆ ಮುಂದಿನ ಟ್ರಿಗರ್ ಹಗುರ ಮುಟ್ಟಿದರೂ ಸಾಕು), ಆಮೇಲೆ ಕುದುರೆ ಎತ್ತಿ ನೋಡಿ. ಜೋಡಿ ಟ್ರಿಗರಿನಲ್ಲಿ ಎರಡು ಜಾತಿ ಇವೆ. ಒಂದರಲ್ಲಿ ಹಿಂದಿನದನ್ನು ಸೆಟ್ ಮಾಡದೆ ಕುದುರೆ ನಿಲ್ಲುವುದೇ ಇಲ್ಲ, ಅದರ ರಚನೆಯೇ ಹಾಗೆ. ಇನ್ನೊಂದರಲ್ಲಿ ಸೆಟ್ ಮಾಡಿದರೂ ಮಾಡದಿದ್ದರೂ ನಿಲ್ಲುತ್ತದೆ. ಹೊಸದಾಗಿ ಕೊಂಡ ಹಳೇ ಕೋವಿಯಲ್ಲಿ ಇದು ಗೊತ್ತಿಲ್ಲದೆ ಎಷ್ಟೋ ಜನ ಲಾಕ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಅದಲ್ಲ ಅಂತಾದರೆ ನಳಿಗೆಯ ಹಿಂಬಾಲದಿಂದ (ಹಿಂದಕ್ಕೆ ಮರದ ಮೇಲೆ ಚಾಚಿದ ಪಟ್ಟಿ) ಕೆಳಗೆ ಟ್ರಿಗರ್ ಪಟ್ಟಿಗೆ ಹೋಗುವ ಉದ್ದ ಸ್ಕ್ರೂವನ್ನು ಒಂದು ಸುತ್ತು ಸಡಿಲಿಸಿ. ಈಗ ಕುದುರೆ ನಿಂತರೆ ಕಾರಣ ಸಿಕ್ಕಿತು. ಆ ಸ್ಕ್ರೂ ಬಿಗಿದಷ್ಟೂ ಟ್ರಿಗರ್ ಪಟ್ಟಿಯನ್ನು ಮೇಲಕ್ಕೆ ಎಳೆಯುತ್ತದೆ. ಅಲಗು ಸಿಯರ್ ತೋಳಿಗೆ ಸದಾ ಒತ್ತಿಕೊಂಡು ಮೂಗು ಕಚ್ಚಿಗೆ ಇಳಿಯಲು ಬಿಡುವುದಿಲ್ಲ. ಇದು ಚಳಿಗಾಲದ ಕಾಯಿಲೆ. ಇಲ್ಲಿ ನವೆಂಬರಿನಿಂದ ಮನೆಯೊಳಗೆ ಹೀಟರ್ ಉರಿದು ಗಾಳಿ ಒಣಗುತ್ತದೆ, ಮರ ಕುಗ್ಗುತ್ತದೆ. ಬೇಸಿಗೆಯಲ್ಲಿ ಸರಿಯಾಗಿದ್ದ ಸ್ಕ್ರೂವನ್ನು ಸಡಿಲ ಆಯಿತಲ್ಲ ಅಂತ ಇನ್ನೊಂದು ಸುತ್ತು ಬಿಗಿದರೆ ಮುಗಿಯಿತು. ಸ್ಕ್ರೂ ಸಡಿಲ ಬಿಟ್ಟು ಓಡಾಡುವುದೂ ಪರಿಹಾರ ಅಲ್ಲ. ಸ್ಕ್ರೂ ಸರಿಯಾಗಿ ಬಿಗಿದಾಗಲೂ ಸಂದು ಉಳಿಯುವಂತೆ ಪಟ್ಟಿಗೂ ಮರಕ್ಕೂ ನಡುವೆ ತೆಳ್ಳನೆಯ ಹಿತ್ತಾಳೆ ತಗಡು ಇಡಬೇಕು, ಇಲ್ಲವೇ ಅಲಗಿನ ಮೇಲ್ತುದಿಯನ್ನು ಕೂದಲೆಳೆಯಷ್ಟು ಇಳಿಸಬೇಕು. ತಗಡು ನಾವೇ ಇಡಬಹುದು. ಅಲಗು ಇಳಿಸುವಾಗ ಜಾಸ್ತಿ ಹೋದರೆ ವಾಪಸ್ ಬರುವುದಿಲ್ಲ, ನೆನಪಿರಲಿ.

ಸಡಿಲಿಸಿದರೂ ನಿಲ್ಲದಿದ್ದರೆ ಲಾಕ್ ಹೊರಗೆ ತೆಗೆದು ನೋಡಿ. ಹೊರಗೂ ನಿಲ್ಲುತ್ತಿಲ್ಲ ಅಂದರೆ ಕಚ್ಚು ಅಥವಾ ಮೂಗು ಸವೆದಿದೆ, ಇಲ್ಲವೇ ಸಿಯರಿನ ಸ್ಪ್ರಿಂಗ್ ಮುರಿದಿದೆ. ನಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಲಾಕನ್ನು ಬಟ್ಟೆಯಲ್ಲಿ ಸುತ್ತಿ ಕಸುಬುದಾರರ ಹತ್ತಿರ ತೆಗೆದುಕೊಂಡು ಹೋಗಿ. 19ನೇ ಶತಮಾನದ ಅಸಲಿ ಕೋವಿಯಾದರೆ ಇಷ್ಟನ್ನೂ ಮಾಡದೆ ಮೊದಲೇ ಅವರಿಗೆ ತೋರಿಸಿ. ಅಂಥದ್ದರಲ್ಲಿ ಒಂದು ಸ್ಕ್ರೂ ತಲೆ ಕೆಟ್ಟರೂ ಆ ಕಾಲದ್ದು ಮತ್ತೆ ಸಿಗುವುದಿಲ್ಲ.

ಟ್ರಿಗರ್ ಎಳೆದರೆ ಕುದುರೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ

ಕುದುರೆ ಬೀಳುವಾಗ ಸಿಯರ್ ಮೂಗು ಅರೆಕಚ್ಚಿಗೆ ಬಡಿದು ಸಿಕ್ಕಿಕೊಳ್ಳುತ್ತಿದೆ. ಜೋಡಿ ಟ್ರಿಗರಿನ ಕೋವಿಯಲ್ಲಿ ಟ್ರಿಗರ್ ಸಿಯರ್ ತೋಳಿಗೆ ಒಂದು ಏಟು ಕೊಟ್ಟು ಹಿಂದೆ ಸರಿಯುತ್ತದೆ, ಬೆರಳಿನ ಹಾಗೆ ಒತ್ತಿ ಹಿಡಿದಿರುವುದಿಲ್ಲ. ಅದಕ್ಕೇ ಅಂಥ ಲಾಕ್‌ನ ಟಂಬ್ಲರಿನಲ್ಲಿ ಫ್ಲೈ ಅನ್ನುವ ಪುಟ್ಟ ತುಂಡು ಇರುತ್ತದೆ. ಕುದುರೆ ಬೀಳುವಾಗ ಅದು ಅರೆಕಚ್ಚಿನ ಬಾಯಿಗೆ ಅಡ್ಡ ಬಂದು ಮೂಗನ್ನು ದಾಟಿಸುತ್ತದೆ. ಎತ್ತುವಾಗ ಪಕ್ಕಕ್ಕೆ ಸರಿದು ಮೂಗು ಅರೆಕಚ್ಚಿಗೆ ಇಳಿಯಲು ಬಿಡುತ್ತದೆ. ಗಟ್ಟಿ ಎಣ್ಣೆಯಲ್ಲಿ ಅದು ಅಂಟಿಕೊಂಡಿರಬಹುದು. ಲಾಕ್ ಬಿಚ್ಚಿ ತೊಳೆದವರು ಕಳೆದಿರಲೂಬಹುದು, ಜೀರಿಗೆ ಕಾಳಿನಷ್ಟೇ ಇರುತ್ತದೆ ಅದು. ಲಾಕನ್ನು ಬಿಡಿಬಿಡಿಯಾಗಿ ತೆಗೆಯುವಾಗ ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ದೊಡ್ಡ ಸ್ಪ್ರಿಂಗ್ ತೆಗೆಯಲು ಅದಕ್ಕೆ ಅಂತಲೇ ಇರುವ ಕ್ಲ್ಯಾಂಪ್ ಬೇಕು. ಇಕ್ಕಳದಲ್ಲಿ ಹಿಡಿದರೆ ಸ್ಪ್ರಿಂಗ್ ಮುರಿಯುತ್ತದೆ, ಇಲ್ಲವೇ ಹಾರಿ ಕಣ್ಣಿಗೆ ಬೀಳುತ್ತದೆ.

ಇದನ್ನು ಹಾಗೇ ಬಿಟ್ಟು ಹಾರಿಸುತ್ತಾ ಹೋದರೆ ಪ್ರತಿ ಏಟಿಗೂ ಮೂಗು ಚೂರುಚೂರೇ ಒಡೆಯುತ್ತದೆ. ಆಮೇಲೆ ಪೂರಾಕಚ್ಚೂ ನಿಲ್ಲುವುದಿಲ್ಲ.

ಜೋಡಿ ಟ್ರಿಗರ್: ಸೆಟ್ ಆಗುತ್ತಿಲ್ಲ, ಅಥವಾ ಮುಟ್ಟಿದರೆ ಹಾರುತ್ತದೆ

ಎರಡು ಟ್ರಿಗರಿನ ನಡುವೆ ಒಂದು ಪುಟ್ಟ ಸ್ಕ್ರೂ ಕಾಣುತ್ತದೆ. ಒಳಗೆ ತಿರುಗಿಸಿದಷ್ಟೂ ಮುಂದಿನ ಟ್ರಿಗರ್ ಹಗುರ. ಅತಿಯಾಗಿ ಒಳಗೆ ಹೋದರೆ ಹಿಂದಿನ ಟ್ರಿಗರ್ ಕ್ಲಿಕ್ ಅನ್ನುವುದೇ ಇಲ್ಲ, ಸೆಟ್ ಆಗುವುದಿಲ್ಲ. ಹಾಗಾಗಿ ಸೆಟ್ ಆಗದಿದ್ದರೆ ಮೊದಲು ಆ ಸ್ಕ್ರೂವನ್ನು ಒಂದು ಸುತ್ತು ಹೊರಗೆ ತನ್ನಿ. ಸೆಟ್ ಮಾಡಿ, ಕಾಲು ಸುತ್ತು ಒಳಗೆ, ಮತ್ತೆ ಸೆಟ್ ಮಾಡಿ, ಹೀಗೆ ಹೋಗಿ. ಬೇಟೆಗಾದರೆ ಬೆರಳಿಗೆ ಟ್ರಿಗರ್ ತಾಕಿದ್ದು ಗೊತ್ತಾಗಿ, ಆಮೇಲೆ ಸ್ವಲ್ಪ ಒತ್ತಿದರೆ ಬೀಳುವ ಹಾಗೆ ಇರಲಿ. ಸಿಕ್ಕ ಜಾಗದಲ್ಲಿ ಸ್ಕ್ರೂ ನಿಲ್ಲಲು ತಲೆಗೆ ಒಂದು ಹನಿ ನೇಲ್ ಪಾಲಿಶ್ ಬಿಡಿ, ಹಾರಿಸುವ ಅದುರಿಗೆ ಅದು ತಾನೇ ತಿರುಗುತ್ತದೆ.

ಸೆಟ್ ಆಗುತ್ತದೆ, ಮುಂದಿನದನ್ನು ಮುಟ್ಟಿದರೆ ಟಕ್ ಅನ್ನುತ್ತದೆ, ಆದರೆ ಕುದುರೆ ಬೀಳುವುದಿಲ್ಲ. ಆಗ ಹಿಂದಿನ ಟ್ರಿಗರಿನ ಏಟು ಸಾಲುತ್ತಿಲ್ಲ. ಅದರ ಸ್ಪ್ರಿಂಗಿನ ಸ್ಕ್ರೂ ಸಡಿಲವಾಗಿದೆಯಾ, ಸಿಯರ್ ತೋಳು ಮರಕ್ಕೆ ಉಜ್ಜುತ್ತಿದೆಯಾ ನೋಡಿ. ಮಸಿಯ ಪರೀಕ್ಷೆ ಇಲ್ಲೂ ಅದೇ.

ಸೆಟ್ ಮಾಡಿ ಗುರಿ ಹಿಡಿದು, ಜಿಂಕೆ ಹೋಗಿಬಿಟ್ಟರೆ? ಬಾಯಿ ನೆಲದ ಕಡೆ ಇರಲಿ. ಮೊದಲು ಕೇಪು ತೆಗೆಯಿರಿ, ಚಕಮಕಿ ಕೋವಿಯಾದರೆ ಬಟ್ಟಲು ತೆರೆದು ಮದ್ದು ಚೆಲ್ಲಿ. ಆಮೇಲೆ ಕುದುರೆಯನ್ನು ಹೆಬ್ಬೆರಳಲ್ಲಿ ಭದ್ರವಾಗಿ ಹಿಡಿದು ಮುಂದಿನ ಟ್ರಿಗರ್ ಮುಟ್ಟಿ, ಕುದುರೆಯನ್ನು ನಿಧಾನ ಇಳಿಸಿ. ಸೆಟ್ ಆದ ಕೋವಿ ಹಿಡಿದು ಒಂದು ಹೆಜ್ಜೆಯೂ ನಡೆಯಬಾರದು.

ಏಳೆಂಟು ಈಡು ಹಾರಿಸಿದ ಮೇಲೆ ಬಿಗಿಯಾಗುತ್ತದೆ

ಕರಿಮದ್ದಿನ ಕಿಟ್ಟ ಗಾಳಿಯ ತೇವ ಹೀರಿ ಕೆಸರಾಗುತ್ತದೆ. ಅದು ಲಾಕ್ ಸಂದಿಯಿಂದ ಒಳಗೆ ಇಳಿದಿದೆ. ಕೇಪಿನ ಕೋವಿಯಲ್ಲಿ ಒಡೆದ ಕೇಪಿನ ತಾಮ್ರದ ಚೂರೂ ಕುದುರೆಯ ಬುಡಕ್ಕೆ ಬೀಳುತ್ತದೆ. ಲಾಕ್ ತೆಗೆದು ಒರೆಸಿ, ಚೂರು ಕೊಡವಿ. ಮನೆಗೆ ಬಂದ ದಿನವೇ ತೊಳೆಯಿರಿ, ನಾಳೆಗೆ ಇಟ್ಟರೆ ತುಕ್ಕು ಹಿಡಿದಿರುತ್ತದೆ.

ಯಾವುದೇ ಬದಲಾವಣೆ ಮಾಡಿದ ಮೇಲೆ

ಖಾಲಿ ಕೋವಿಯಲ್ಲಿ, ಕೇಪು ಇಲ್ಲದೆ, ಕಲ್ಲು ಇಲ್ಲದೆ, ನಿಪ್ಪಲ್ ಮೇಲೆ ಚರ್ಮ ಇಟ್ಟು ಇವನ್ನು ಮಾಡಿ. ಕುದುರೆಯನ್ನು ಅರೆಕಚ್ಚಿಗೆ ನಿಲ್ಲಿಸಿ ಟ್ರಿಗರನ್ನು ಜೋರಾಗಿ ಎಳೆಯಿರಿ. ಬೀಳಬಾರದು. ಜೋಡಿ ಟ್ರಿಗರಾದರೆ ಸೆಟ್ ಮಾಡದೆ ಮುಂದಿನದನ್ನು ಎಳೆಯಿರಿ. ಪೂರ್ತಿ ಎತ್ತಿ, ಟ್ರಿಗರ್ ಮುಟ್ಟದೆ, ಕುದುರೆಯ ಬೆನ್ನಿಗೆ ಹೆಬ್ಬೆರಳಿಟ್ಟು ಮುಂದಕ್ಕೆ ಗಟ್ಟಿಯಾಗಿ ತಳ್ಳಿ. ಜಾರಬಾರದು. ಪೂರ್ತಿ ಎತ್ತಿದ ಕೋವಿಯ ಹಿಂಬದಿಯನ್ನು ದಪ್ಪ ರಬ್ಬರ್ ಚಾಪೆಯ ಮೇಲೆ ಒಂದು ಗೇಣು ಎತ್ತರದಿಂದ ಹತ್ತು ಸಲ ಕುಟ್ಟಿ, ಎಡಕ್ಕೂ ಬಲಕ್ಕೂ ಅಂಗೈಯಿಂದ ಬಡಿಯಿರಿ. ಕಡೆಗೆ ಇಪ್ಪತ್ತು ಸಲ ಎತ್ತಿ, ಪ್ರತಿ ಸಲವೂ ನಿಂತಿತಾ ಅಂತ ಎಣಿಸಿ.

ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ನಿಂತಿತು ಅಂದರೆ ಅದು ನಪಾಸು. ಲಾಕ್ ಬಿಚ್ಚಿ ಮತ್ತೆ ಮೊದಲಿಂದ ಶುರು ಮಾಡಿ, ಇಲ್ಲವೇ ಕಸುಬುದಾರರಿಗೆ ಒಯ್ಯಿರಿ. ಒಂದು ವಾರ ಬಿಟ್ಟು, ಹವೆ ಬದಲಾದ ಮೇಲೆ, ಇಷ್ಟನ್ನೂ ಇನ್ನೊಂದು ಸಲ ಮಾಡಿ ತೂಕ ಬರೆದಿಡಿ. ನನ್ನ ಬೀರುವಿನ ಬಾಗಿಲ ಒಳಗೆ ಅಂಟಿಸಿದ ಚೀಟಿಯಲ್ಲಿ ಜುಲೈನ ತೂಕ ಒಂದು ಕಡೆ, ಜನವರಿಯ ತೂಕ ಇನ್ನೊಂದು ಕಡೆ ಇದೆ. ಎರಡರ ನಡುವೆ ಕಾಲು ಕಿಲೋಗಿಂತ ಜಾಸ್ತಿ ವ್ಯತ್ಯಾಸ ಕಂಡ ವರ್ಷ ಮೇಣದ ಬತ್ತಿ ಹಚ್ಚುತ್ತೇನೆ.